ರಿಕ್ಷಾ ಎಳೆಯುವವನ ಕತೆಗೆ ಕೊನೆ ಬರೆದವರು

ಬಡವನ ಕತೆ ಬರೆಯೋರು ಕಡಿಮೆ. ಆ ಕತೆಗೆ ಕೊನೆ ಬರೆಯೋಕೆ ಬರೋರು ಮಾತ್ರ ಬಹಳ ಜನ. ಚೀನಾದ ಕಾದಂಬರಿಕಾರ ಲಾವೊ ಷೆಯನ್ನು ಓದಿದ ಮೇಲೆ ಈ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆತ 1936ರಲ್ಲಿ ಒಬ್ಬ ರಿಕ್ಷಾ ಎಳೆಯುವವನ ಕತೆ ಬರೆದ. ಆ ಕತೆಯ ಕೊನೆಯನ್ನು 1945ರಲ್ಲಿ ಅಮೆರಿಕದ ಅನುವಾದಕನೊಬ್ಬ ಬದಲಿಸಿದ. 1955ರಲ್ಲಿ ಬರೆದವನೇ ಅದನ್ನು ಕತ್ತರಿಸಿದ. 1966ರಲ್ಲಿ ಬರೆದವನ ಬದುಕಿಗೇ ಬೇರೆಯವರು ಕೊನೆ ಕಾಣಿಸಿದರು. ಮನೆತನದಲ್ಲೇ ಮೊದಲ ಸಲ ಡಿಗ್ರಿ ಮುಗಿಸಿ, ಈಗಷ್ಟೇ ಪೆನ್ನು ಹಿಡಿದು ಕೂತಿರುವ ನಮ್ಮಂಥವರು ಈ ನಾಲ್ಕು ಇಸವಿಗಳನ್ನು ಬಾಯಿಪಾಠ ಮಾಡಬೇಕು.

ಲಾವೊ ಷೆ ಅನ್ನೋದು ಕಾವ್ಯನಾಮ. ಹೆತ್ತವರು ಇಟ್ಟ ಹೆಸರು ಶು ಚಿಂಗ್‌ಚುನ್. ಹುಟ್ಟಿದ್ದು 1899ರ ಫೆಬ್ರವರಿ 3ರಂದು, ಬೀಜಿಂಗಿನಲ್ಲಿ. ಜನಾಂಗದಲ್ಲಿ ಮಂಚು. ಆಗ ಚೀನಾ ಆಳುತ್ತಿದ್ದ ಚಕ್ರವರ್ತಿಯೂ ಮಂಚುವೇ. ಆದರೆ ಕುಲ ಒಂದೇ ಆದ ಮಾತ್ರಕ್ಕೆ ಅರಮನೆಯ ಗಂಜಿ ಗುಡಿಸಲಿಗೆ ಬರೋಲ್ಲ. ಅಪ್ಪ ಅರಮನೆ ಕಾಯುವ ಪಡೆಯ ಸಾಮಾನ್ಯ ಸಿಪಾಯಿ. 1900ರಲ್ಲಿ ಬಾಕ್ಸರ್ ದಂಗೆ ಅಡಗಿಸುತ್ತೇವೆ ಅಂತ ಎಂಟು ದೇಶಗಳ ಸೈನ್ಯ ಬೀಜಿಂಗಿಗೆ ನುಗ್ಗಿತು. ಬೀದಿ ಕಾಳಗದಲ್ಲಿ ಅಪ್ಪ ಸತ್ತ. ಮಗುವಿಗೆ ಆಗ ಒಂದೂವರೆ ವರ್ಷ. ಲೂಟಿಗೆ ಬಂದ ಸಿಪಾಯಿಗಳು ಮನೆಯ ಹಳೇ ಪೆಟ್ಟಿಗೆಯನ್ನು ಬೋರಲು ಹಾಕಿ ಹೋದರಂತೆ. ಮಲಗಿದ್ದ ಮಗು ಅದರಡಿ ಮುಚ್ಚಿಹೋಗಿ ಬದುಕಿ ಉಳಿಯಿತಂತೆ. ಇದನ್ನು ಲಾವೊ ಷೆಯೇ ಹೇಳಿಕೊಂಡಿದ್ದಾನೆ. ಬೇರೆ ಮಕ್ಕಳು ಅಜ್ಜಿಯಿಂದ ರಾಕ್ಷಸರ ಕತೆ ಕೇಳಿದರೆ ಈತ ಅವ್ವನಿಂದ ಈ ಸೈನ್ಯದ ಕತೆ ಕೇಳಿ ಬೆಳೆದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಆಗೋಲ್ಲ. ಆ ಎಂಟು ಸೈನ್ಯಗಳಲ್ಲಿ ಬ್ರಿಟಿಷರದ್ದೂ ಒಂದು. ಬ್ರಿಟಿಷರ ಸೈನ್ಯ ಅಂದರೆ ಬಹುಪಾಲು ನಮ್ಮ ದೇಶದ ಆಳುಗಳೇ. ರಜಪೂತರು, ಸಿಖ್ಖರು, ಪಂಜಾಬಿನವರು ಬೀಜಿಂಗಿನವರೆಗೂ ಹೋದರು. ಬೆಂಗಳೂರಿನಲ್ಲಿ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲೂ 'ಚೀನಾ 1900' ಅಂತ ಇದೆ. ಆ ಪಡೆಗೆ ಅಸ್ಪೃಶ್ಯ ಜಾತಿಗಳಿಂದ ಆಳುಗಳನ್ನು ಸೇರಿಸಿಕೊಳ್ಳುತ್ತಿದ್ದುದು ಇತಿಹಾಸ. ಊರೊಳಗೆ ಕಾಲಿಡೋಕೆ ಬಿಡದ ದೇಶದಿಂದ ಹೊರಟವರನ್ನು ಇನ್ನೊಬ್ಬ ಬಡವನ ಊರು ತುಳಿಯೋಕೆ ಕಳಿಸಿದ್ದರು. ಆ ದಂಡಯಾತ್ರೆಯಲ್ಲಿದ್ದ ಗದಾಧರ ಸಿಂಗ್ ಅನ್ನೋ ರಜಪೂತ ಸೈನಿಕ, ಚೀನಾದ ಜನರ ಪಾಡು ನೋಡಿ ಮರುಗಿ ಹಿಂದಿಯಲ್ಲಿ ಒಂದು ಪುಸ್ತಕವನ್ನೇ ಬರೆದ. ಅಷ್ಟಾದರೂ ಸಮಾಧಾನ.

ಗಂಡ ಸತ್ತ ಮೇಲೆ ಅವ್ವ ಬಟ್ಟೆ ಒಗೆದಳು. ಕಟುಕರ ಬಟ್ಟೆ, ಅಂಗಡಿ ಆಳುಗಳ ಕರಿ ಹಿಡಿದ ಕಾಲುಚೀಲ, ಕೊಟ್ಟದ್ದನ್ನೆಲ್ಲ ಒಗೆದಳು. ರಾತ್ರಿ ಎಣ್ಣೆ ದೀಪದ ಮುಂದೆ ಕೂತು ಹೊಲಿದಳು. ಅವಳ ಕೈ ವರ್ಷವಿಡೀ ಕೆಂಪಗೆ ಊದಿಕೊಂಡೇ ಇರುತ್ತಿತ್ತು ಅಂತ ಮಗ 1943ರಲ್ಲಿ, ಅವಳು ಸತ್ತ ಮೇಲೆ, ಬರೆದ. ಇಂಥ ಕೈಗಳನ್ನು ನಾವು ಕಂಡಿದ್ದೇವೆ. ಅದಕ್ಕೆ ಈ ಬರಹವನ್ನು ಓದುವಾಗ ನಮಗೆ ಚೀನಾದ ಭೂಪಟ ಬೇಕಾಗಲಿಲ್ಲ.

ಹುಡುಗನಿಗೆ ಓದು ಸಿಕ್ಕಿದ್ದು ಒಬ್ಬ ಉಳ್ಳವರ ದಯೆಯಿಂದ. 1913ರಲ್ಲಿ ಮಾಸ್ತರಿಕೆ ಕಲಿಸುವ ನಾರ್ಮಲ್ ಶಾಲೆಗೆ ಸೇರಿದ. ಕಾರಣ ಸರಳ. ಅಲ್ಲಿ ಊಟ, ಬಟ್ಟೆ, ಪುಸ್ತಕ, ಮಲಗೋ ಜಾಗ ಎಲ್ಲ ಪುಕ್ಕಟೆ. ಆದರೆ ಸೇರುವಾಗ ಹತ್ತು ಯುವಾನ್ ಠೇವಣಿ ಕಟ್ಟಬೇಕಿತ್ತು. ಆ ಹತ್ತು ಯುವಾನ್ ಹೊಂದಿಸೋಕೆ ಅವ್ವನಿಗೆ ಹದಿನೈದು ದಿನ ಹಿಡಿಯಿತು. 1918ರಲ್ಲಿ ಓದು ಮುಗಿಯಿತು. ಹತ್ತೊಂಬತ್ತನೇ ವಯಸ್ಸಿಗೆ ಒಂದು ಪ್ರಾಥಮಿಕ ಶಾಲೆಗೆ ಹೆಡ್‌ಮೇಷ್ಟ್ರು. ಆ ಸುದ್ದಿ ಬಂದ ರಾತ್ರಿ ಅವ್ವ ಮಗ ಇಬ್ಬರೂ ಕಣ್ಣು ಮುಚ್ಚಲಿಲ್ಲ. ಇನ್ನು ನೀನು ದಣಿವಾರಿಸಿಕೋ ಅಂತ ಮಗ ಹೇಳಿದ್ದಕ್ಕೆ ಅವಳು ಅತ್ತಳೇ ಹೊರತು ಮಾತಾಡಲಿಲ್ಲ. ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು ಅಂತ ಓದಿದ ನಮ್ಮಲ್ಲಿ ಯಾರ ಮನೆಯಲ್ಲಿ ಆ ರಾತ್ರಿ ಆಗಿಲ್ಲ ಹೇಳಿ.

1924ರಿಂದ 1929ರವರೆಗೆ ಲಂಡನ್ನಿನಲ್ಲಿ ಚೀನೀ ಭಾಷೆ ಕಲಿಸುತ್ತ ಇದ್ದ. ಕಾದಂಬರಿ ಬರೆಯೋಕೆ ಶುರು ಮಾಡಿದ್ದೂ ಅಲ್ಲೇ. ತಿರುಗಿ ಬಂದು ಷಾನ್‌ಡಾಂಗ್ ಪ್ರಾಂತದ ಕಾಲೇಜುಗಳಲ್ಲಿ ಪಾಠ ಮಾಡಿದ. 1936ರಲ್ಲಿ ಕೆಲಸ ಬಿಟ್ಟ. ಇನ್ನು ಬರೆದೇ ಬದುಕುತ್ತೇನೆ ಅಂತ ಕೂತು ಬರೆದ ಮೊದಲ ಪುಸ್ತಕವೇ 'ಒಂಟೆ ಸಿಯಾಂಗ್‌ಜಿ'. ಅದು ಆ ವರ್ಷದಿಂದ 1937ರವರೆಗೆ ಒಂದು ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಗೆಳೆಯನೊಬ್ಬ ಹೇಳಿದ ಎರಡು ಸುದ್ದಿ ಅದರ ಬೀಜ. ಒಬ್ಬ ರಿಕ್ಷಾದವ ತನ್ನದೇ ಗಾಡಿ ಕೊಂಡು ಕಳಕೊಂಡು, ಮತ್ತೆ ಕೊಂಡು ಮತ್ತೆ ಕಳಕೊಂಡು, ಕೊನೆಗೂ ಬಡವನಾಗೇ ಉಳಿದ. ಇನ್ನೊಬ್ಬನನ್ನು ಸೈನಿಕರು ಎಳಕೊಂಡು ಹೋದರೆ, ಆತ ಅವರ ಮೂರು ಒಂಟೆ ಹೊಡಕೊಂಡು ಬಂದ. ಇಷ್ಟೇ.

ಸಿಯಾಂಗ್‌ಜಿ ಹಳ್ಳಿಯ ಅನಾಥ. ಹದಿನೆಂಟಕ್ಕೆ ಪಟ್ಟಣ ಸೇರಿದ. ಬೀಜಿಂಗಿಗೆ ಆಗ ಬೀಪಿಂಗ್ ಅಂತ ಹೆಸರು. ಅಲ್ಲಿನ ರಿಕ್ಷಾ ನಮ್ಮ ಆಟೋ ಅಲ್ಲ. ಇಬ್ಬದಿಯ ಕೋಲು ಹಿಡಿದು ಮನುಷ್ಯ ಮನುಷ್ಯನನ್ನು ಕೂರಿಸಿಕೊಂಡು ಓಡುವ ಗಾಡಿ. ಬಾಡಿಗೆ ಗಾಡಿ ಎಳೆದರೆ ದಿನದ ಬೆವರಿನಲ್ಲಿ ಒಂದು ಪಾಲು ಗಾಡಿಯ ಒಡೆಯನಿಗೆ. ಅದಕ್ಕೆ ಸಿಯಾಂಗ್‌ಜಿಗೆ ಇದ್ದದ್ದು ಒಂದೇ ಕನಸು, ಸ್ವಂತ ಗಾಡಿ. ಕುಡಿಯಲಿಲ್ಲ, ಬೀಡಿ ಸೇದಲಿಲ್ಲ, ಜೂಜಾಡಲಿಲ್ಲ. ಮೂರು ವರ್ಷ ಹೊಟ್ಟೆ ಕಟ್ಟಿ ನೂರು ಯುವಾನ್ ಕೂಡಿಸಿ ಗಾಡಿ ಕೊಂಡ. ಆರು ತಿಂಗಳಿಗೆ ಸೈನಿಕರು ಗಾಡಿಯ ಸಮೇತ ಅವನನ್ನು ಹಿಡಕೊಂಡು ಹೋದರು. ತಪ್ಪಿಸಿಕೊಂಡು ಬರುವಾಗ ಮೂರು ಒಂಟೆ ಸಿಕ್ಕವು. ಮಾರಿದರೆ ಮೂವತ್ತೈದು ಯುವಾನ್. ಊರವರು ಒಂಟೆ ಅಂತ ಅಡ್ಡಹೆಸರಿಟ್ಟರು. ಮತ್ತೆ ಕೂಡಿಸಿದ. ಪೊಲೀಸಿನ ಪತ್ತೇದಾರ ಹೆದರಿಸಿ ಕಿತ್ತುಕೊಂಡ. ಗಾಡಿ ಅಂಗಡಿಯ ಒಡೆಯನ ಮಗಳು ಹುನ್ಯೂ ಬಸುರಿ ಅಂತ ಸುಳ್ಳು ಹೇಳಿ ಅವನನ್ನು ಕಟ್ಟಿಕೊಂಡಳು. ಅವಳ ದುಡ್ಡಿನಲ್ಲಿ ಎರಡನೇ ಗಾಡಿ ಬಂತು. ಮುಂದೆ ಅವಳು ಹೆರಿಗೆಯಲ್ಲಿ ಸತ್ತಳು. ಗಾಡಿ ಮಾರಿ ಮಣ್ಣು ಮಾಡಿದ. ಮನಸ್ಸು ಕೊಟ್ಟ ಇನ್ನೊಬ್ಬ ಹೆಣ್ಣು ಫೂಜಿ. ತಮ್ಮಂದಿರ ಹೊಟ್ಟೆಗೆ ಮೈ ಮಾರಿಕೊಂಡವಳು. ಅವಳನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ ಅವಳು ನೇಣು ಹಾಕಿಕೊಂಡಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾವು ಅತ್ತು ಪುಸ್ತಕ ಮುಚ್ಚಿಬಿಡುತ್ತಿದ್ದೆವು. ಲಾವೊ ಷೆ ಬಿಡೋಲ್ಲ. ಆಮೇಲೆ ಸಿಯಾಂಗ್‌ಜಿ ಕುಡಿಯುತ್ತಾನೆ, ಸುಳ್ಳು ಹೇಳಿ ಸಾಲ ಎತ್ತುತ್ತಾನೆ. ರುವಾನ್ ಮಿಂಗ್ ಅನ್ನೋ ಓದಿದ ಹುಡುಗ ಕ್ರಾಂತಿಯ ಹೆಸರಿನಲ್ಲಿ ದುಡ್ಡು ಎಣಿಸಿಕೊಳ್ಳುತ್ತ ರಿಕ್ಷಾದವರನ್ನು ಸೇರಿಸುತ್ತಿರುತ್ತಾನೆ. ಸಿಯಾಂಗ್‌ಜಿ ಅವನನ್ನು ಅರವತ್ತು ಯುವಾನ್‌ಗೆ ಪೊಲೀಸರಿಗೆ ಹಿಡಿದುಕೊಡುತ್ತಾನೆ. ಕೊನೆಗೆ ಕಂಡವರ ಮದುವೆ, ಹೆಣದ ಮೆರವಣಿಗೆಗಳಲ್ಲಿ ಬಾವುಟ ಹೊತ್ತು, ಕಾಲೆಳೆದುಕೊಂಡು ನಡೆಯೋನಾಗುತ್ತಾನೆ.

ಕಾದಂಬರಿಯಲ್ಲಿ ಒಬ್ಬ ಮುದುಕ ಬರುತ್ತಾನೆ. ಜೀವಮಾನವಿಡೀ ರಿಕ್ಷಾ ಎಳೆದು, ಮದ್ದಿಗೆ ಕಾಸಿಲ್ಲದೆ ಮೊಮ್ಮಗನನ್ನು ಕಳಕೊಂಡವನು. ಅವನು ಸಿಯಾಂಗ್‌ಜಿಗೆ ಮಿಡತೆಯ ಮಾತು ಹೇಳುತ್ತಾನೆ. ಒಂಟಿ ಮಿಡತೆಯನ್ನು ಚಿಕ್ಕ ಹುಡುಗ ಹಿಡಿದು ದಾರ ಕಟ್ಟಿ ಆಡಿಸಬಹುದು. ಅದೇ ಮಿಡತೆ ದಂಡಾಗಿ ಬಂದರೆ ಹೊಲಕ್ಕೆ ಹೊಲವೇ ಖಾಲಿ, ಯಾರೂ ತಡೆಯಲಾರರು. ಸಿಯಾಂಗ್‌ಜಿ ಒಳ್ಳೆಯವನೇ, ಗಟ್ಟಿಗನೇ. ಆದರೆ ಒಂಟಿ ಮಿಡತೆ. ನಾನೊಬ್ಬ ದುಡಿದು ನಾನೊಬ್ಬ ಮೇಲೆ ಬರ್ತೀನಿ ಅಂದ. ಆ ದಾರಿ ಎಲ್ಲಿಗೆ ಮುಟ್ಟುತ್ತೆ ಅಂತ ತೋರಿಸೋಕೇ ಲಾವೊ ಷೆ ಅವನನ್ನು ಅಷ್ಟು ಕೆಳಕ್ಕೆ ಇಳಿಸಿದ್ದು. ನಮ್ಮಲ್ಲೂ ಒಬ್ಬೊಬ್ಬರಿಗೆ ಒಂದೊಂದು ಗಾಡಿ ಇದೆ. ಕೆಲಸದ ಅರ್ಜಿ, ಪರೀಕ್ಷೆಯ ಫೀಸು, ಪಟ್ಟಣದಲ್ಲಿ ಒಂದು ರೂಮು. ಗಾಡಿಯ ಆಸೆ ತಪ್ಪಲ್ಲ. ಅದನ್ನು ಕಿತ್ತುಕೊಳ್ಳೋರು ಬೀದಿಯ ತಿರುವಿನಲ್ಲಿ ಕಾದಿರುತ್ತಾರೆ ಅನ್ನೋದು ಗೊತ್ತಿರಬೇಕು.

ಭಾಷೆಯ ವಿಷಯವೂ ಇದೆ. ಪಂಡಿತರ ಹಳೇ ಚೀನೀ ಬಿಟ್ಟು ಆಡುಮಾತಿಗೆ ಬರಬೇಕು ಅನ್ನೋ ಚಳವಳಿ ಅಲ್ಲಿ 1919ರ ಸುಮಾರಿಗೇ ಜೋರಾಗಿತ್ತು. ಲಾವೊ ಷೆ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೀಜಿಂಗಿನ ಗಲ್ಲಿಗಳಲ್ಲಿ ಗಾಡಿಯವರು, ಸಣ್ಣ ವ್ಯಾಪಾರದವರು ಆಡೋ ಮಾತನ್ನೇ ಕಾದಂಬರಿಗೆ ತಂದ. ಬಡವರನ್ನು ಬರೆಯಬೇಕಾದರೆ ಅವರ ಬಾಯನ್ನೂ ತರಬೇಕು ಅಂತ ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಮನೆಯ ಮಾತೇ ಆಗಿತ್ತು.

ಈಗ ಕೊನೆಗಳ ಮಾತಿಗೆ ಬರೋಣ. 1945ರಲ್ಲಿ ಇವಾನ್ ಕಿಂಗ್ ಅನ್ನೋ ಹೆಸರಿನಲ್ಲಿ ಒಬ್ಬ ಅಮೆರಿಕನ್ ಇದನ್ನು ಇಂಗ್ಲಿಷಿಗೆ ತಂದ. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಆದರೆ ಅದರಲ್ಲಿ ಫೂಜಿ ಸಾಯೋದಿಲ್ಲ. ಸಿಯಾಂಗ್‌ಜಿ ಅವಳನ್ನು ಎತ್ತಿಕೊಂಡು ಸ್ವಾತಂತ್ರ್ಯದ ಕಡೆಗೆ ಓಡುತ್ತಾನೆ! ಬರೆದವನನ್ನು ಒಂದು ಮಾತೂ ಕೇಳಿರಲಿಲ್ಲ. ಸಂತೆಗೆ ಸಿಹಿ ಬೇಕಿತ್ತು, ಸಿಹಿ ಸುರಿದರು. ನಾವು ಹಾಸ್ಟೆಲಿನಲ್ಲಿ ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದ್ದು 2010ರಲ್ಲಿ ಬಂದ ಹೊವಾರ್ಡ್ ಗೋಲ್ಡ್‌ಬ್ಲಾಟ್ ಅನುವಾದ. ಅದರಲ್ಲಿ ಫೂಜಿ ಸಾಯುತ್ತಾಳೆ. ಸತ್ತವಳನ್ನು ಸತ್ತವಳು ಅಂತ ಹೇಳೋದೂ ಒಂದು ಮರ್ಯಾದೆ.

ಎರಡನೇ ಕೊನೆ ಇದಕ್ಕಿಂತ ಸಂಕಟದ್ದು. ಅಮೆರಿಕದಲ್ಲಿದ್ದ ಲಾವೊ ಷೆ 1949ರ ಕೊನೆಗೆ ಹೊಸ ಚೀನಾಕ್ಕೆ ವಾಪಸು ಬಂದ. ಹೊಸ ಸರ್ಕಾರವನ್ನು ಮನಸಾರೆ ನಂಬಿದ. ಬಡವರ ಬಡಾವಣೆಯೊಂದರ ಕೊಳಕು ಚರಂಡಿಯನ್ನು ಸರ್ಕಾರ ಸರಿಪಡಿಸಿದ್ದನ್ನೇ ವಸ್ತು ಮಾಡಿ 'ಡ್ರ್ಯಾಗನ್ ಗಡ್ಡದ ಚರಂಡಿ' ಅನ್ನೋ ನಾಟಕ ಬರೆದ. 1951ರಲ್ಲಿ ಬೀಜಿಂಗ್ ಆಡಳಿತ ಆತನಿಗೆ ಜನತೆಯ ಕಲಾವಿದ ಅನ್ನೋ ಬಿರುದು ಕೊಟ್ಟಿತು. 1955ರಲ್ಲಿ ಸಿಯಾಂಗ್‌ಜಿಯ ಹೊಸ ಮುದ್ರಣ ಬಂತು. ಅದರಲ್ಲಿ ಕೊನೆಯ ಅಧ್ಯಾಯ ಪೂರಾ ಇಲ್ಲ. ಅದರ ಹಿಂದಿನದ್ದರಲ್ಲೂ ಒಂದು ಭಾಗ ಇಲ್ಲ. ಕೆಟ್ಟುಹೋದ ಸಿಯಾಂಗ್‌ಜಿಯೂ ಇಲ್ಲ, ಕ್ರಾಂತಿ ಮಾರುವ ರುವಾನ್ ಮಿಂಗನೂ ಇಲ್ಲ. ದುಡಿಯುವ ಜನಕ್ಕೆ ಆಗ ತಾನು ದಾರಿ ತೋರಿಸಲಿಲ್ಲ ಅಂತ ಬರೆದವನೇ ಹಿನ್ನುಡಿಯಲ್ಲಿ ನೊಂದುಕೊಂಡ. ತೊಳೆದ ಬಟ್ಟೆಯಂತೆ ಪುಸ್ತಕ ಶುಭ್ರವಾಯಿತು. ಅದರ ಹಲ್ಲು ಮಾತ್ರ ಕಿತ್ತುಹೋಯಿತು.

ಇದು ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಪದ್ಯ ನೋಡಿದ ಹಿರಿಯರೊಬ್ಬರು, 'ಚೆನ್ನಾಗಿದೆ ಕಣಪ್ಪ, ಆದ್ರೆ ಕೊನೇಲಿ ಸ್ವಲ್ಪ ಬೆಳಕು ತೋರ್ಸು' ಅಂದಿದ್ದರು. ಇನ್ನೊಬ್ಬ ಸಂಗಾತಿ, 'ಕೊನೇಲಿ ಹೋರಾಟ ಎಲ್ಲಿ? ಬರೀ ಅಳು ಆಯ್ತಲ್ಲ' ಅಂದ. ಇಬ್ಬರೂ ಒಳ್ಳೆಯವರೇ. ಒಬ್ಬರಿಗೆ ನಿದ್ದೆ ಬರಬೇಕು, ಇನ್ನೊಬ್ಬರಿಗೆ ಘೋಷಣೆ ಬೇಕು. ನಮ್ಮ ಪದ್ಯದಲ್ಲಿ ಸತ್ತವನಿಗೆ ಏನು ಬೇಕಾಗಿತ್ತು ಅಂತ ಇಬ್ಬರೂ ಕೇಳಲಿಲ್ಲ.

ಮೂರನೇ ಕೊನೆ ಲಾವೊ ಷೆಯದ್ದೇ. 1957ರಲ್ಲಿ 'ಚಹದಂಗಡಿ' ಅನ್ನೋ ದೊಡ್ಡ ನಾಟಕ ಬರೆದ. ಆಮೇಲೆ ತನ್ನ ಬಡ ಮಂಚು ಜನರ ಬಗ್ಗೆ ಒಂದು ಕಾದಂಬರಿ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಬಂತು. ಆಗಸ್ಟ್ 23ರಂದು ರೆಡ್ ಗಾರ್ಡ್‌ಗಳು, ಅಂದರೆ ಶಾಲೆ ಕಾಲೇಜುಗಳಲ್ಲಿ ಓದುವ ಹುಡುಗರು, ಆತನನ್ನೂ ಬೇರೆ ಬರಹಗಾರ ಕಲಾವಿದರನ್ನೂ ಕನ್‌ಫ್ಯೂಷಿಯಸ್ ದೇವಾಲಯಕ್ಕೆ ಎಳೆದುಕೊಂಡು ಹೋದರು. ನಾಟಕದ ಉಡುಪುಗಳಿಗೆ ಬೆಂಕಿ ಹಾಕಿ, ಅದರ ಸುತ್ತ ಮಂಡಿಯೂರಿಸಿ ಹೊಡೆದರು. ಅಗಸಗಿತ್ತಿಯ ಕೆಲಸ ಮಾಡಿದವಳ ಮಗನನ್ನು ಜನವೈರಿ ಅಂದರು. ಮಾರನೇ ದಿನ ಆತ ತೈಪಿಂಗ್ ಕೆರೆಯ ದಂಡೆಗೆ ಹೋದ. ಆಮೇಲೆ ಸಿಕ್ಕಿದ್ದು ಹೆಣ. ವಯಸ್ಸು ಅರವತ್ತೇಳು. ಆ ಕೆರೆ ಅವ್ವ ಬಾಳಿದ ಮನೆಗೆ ಹತ್ತಿರದ್ದು ಅಂತ ಮಗ ಶು ಯಿ ಬರೆದಿದ್ದಾನೆ. 1978ರಲ್ಲಿ ಸರ್ಕಾರ ಗೌರವ ಮರಳಿಸಿತು. ಬೂದಿಯನ್ನು ಯಾರೂ ಉಳಿಸಿರಲಿಲ್ಲ. ಕರಂಡದಲ್ಲಿ ಕನ್ನಡಕ, ಪೆನ್ನು ಇಟ್ಟರು. ಕೆರೆಯೂ ಈಗ ಇಲ್ಲ.

ಹಾಗಾದರೆ ಮಿಡತೆಯ ದಂಡು? ಅದು ದಂಡಾಗಿಯೇ ಬಂದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಕೇಳಬೇಕು. ನಮ್ಮ ಉತ್ತರ ಇಷ್ಟು. ಗುಂಪು ಬೇರೆ, ಸಂಘಟನೆ ಬೇರೆ. ಗುಂಪು ಮೇಲಿನವರ ಮಾತು ಕೇಳಿ ಕೈಗೆ ಸಿಕ್ಕ ಮುದುಕನನ್ನು ಹೊಡೆಯುತ್ತದೆ. ಸಂಘಟನೆ ಗಾಡಿಯ ಒಡೆಯನನ್ನೂ ಪತ್ತೇದಾರನನ್ನೂ ಹೆಸರು ಹಿಡಿದು ಕೇಳುತ್ತದೆ. ತನ್ನೊಳಗಿನ ರುವಾನ್ ಮಿಂಗನನ್ನೂ ಬಿಡೋದಿಲ್ಲ. ರುವಾನ್ ಮಿಂಗನ ಅಧ್ಯಾಯವನ್ನು ಕತ್ತರಿಸಿದ ನಾಡಿಗೆ ಗುಂಪಿನ ಗುರುತು ಹತ್ತಲಿಲ್ಲ. ಅದಕ್ಕೇ ಆ ಕಹಿ ಕೊನೆ ಬೇಕಾಗಿತ್ತು ಅನ್ನೋದು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಮಕ್ಕಳಿಗೆ ಈ ಹೆಡ್‌ಮೇಷ್ಟ್ರ ಹೆಸರು ಹೇಳಿ. ಮಿಡತೆಯ ಕತೆ ಹೇಳಿ. ಜೊತೆಗೆ ಕೆರೆಯ ಕತೆಯನ್ನೂ ಹೇಳಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಬೇಡಿ.