ಲೊಟಕ್ ಎಂದ ಜಿಪ್ಸಿ



ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗಲೆಲ್ಲ ಬಿಸಿಬೇಳೆಭಾತಿನ ವಿಧಾನ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಈ ಸಲ ಅಡಿಗೆ ಬೇಡ, ನಮ್ಮ ಮನೆಯ ಜಿಪ್ಸಿಯ ಕಥೆ ಹೇಳುತ್ತೇನೆ. ಇಂಗ್ಲಿಷ್ ಬಿ.ಎ. ಮಾಡಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಗಾಡಿಯ ವಿಷಯ ಏನು ಗೊತ್ತು ಎಂದು ನಗಬೇಡಿ. ನನ್ನ ಮಗನೂ ಮೊದಲು ನಕ್ಕಿದ್ದ.

ಮಾರುತಿ ಜಿಪ್ಸಿ ನಮ್ಮ ದೇಶದ ರಸ್ತೆಗೆ ಇಳಿದದ್ದು 1985ರಲ್ಲಿ. ಈಗ ಹೊಸದು ಸಿಗುವುದಿಲ್ಲ. ನಮ್ಮದು 1998ರ ಗಾಡಿ. ಮಕರಪುರ ಜಿ.ಐ.ಡಿ.ಸಿ.ಯಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಪಾವಾಗಢ, ಜಾಂಬುಘೋಡಾ ಎಂದು ಎಷ್ಟೋ ಭಾನುವಾರ ಅದರಲ್ಲಿ ಸುತ್ತಿದೆವು. ಅವರು ಹೋದ ಮೇಲೆ ಗಾಡಿ ಮಗನ ಕೈಗೆ ಬಂತು. ಕಳೆದ ದೀಪಾವಳಿಗೆ ಅದರಲ್ಲೇ ದಾವಣಗೆರೆಗೆ, ಅಜ್ಜಿಯ ಮನೆಗೆ ಹೋಗೋಣ ಎಂದ. ಸೂರತ್, ಮುಂಬಯಿ, ಪುಣೆ, ಬೆಳಗಾವಿ, ಹುಬ್ಬಳ್ಳಿ ದಾಟಿ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ.

ಆದರೆ ಮುಂದಿನ ಚಕ್ರಗಳ ಹತ್ತಿರ ಏನೋ ಬಡಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗಾಡಿ ಓಡಿಸಿಯೂ ನೋಡದೆ ಎರಡು ಶಾಕ್ ಅಬ್ಸಾರ್ಬರ್ ಬದಲಿಸಿದರು. ದುಡ್ಡು ಹೋಯಿತು, ಸದ್ದು ಉಳಿಯಿತು. "ಹಳೇ ಗಾಡಿ ಅಲ್ವೇನಮ್ಮಾ, ಸದ್ದು ಇದ್ದೇ ಇರುತ್ತೆ" ಎಂದು ಮಗ ಹಾಡು ಜೋರು ಮಾಡಿದ.

ನನಗೆ ಸಮಾಧಾನವಾಗಲಿಲ್ಲ. ಅವನನ್ನು ಬೇರೊಬ್ಬ ವಯಸ್ಸಾದ ಮಿಸ್ತ್ರಿಯ ಬಳಿಗೆ ಕರೆದುಕೊಂಡು ಹೋದೆ. ಎಂಥ ಸದ್ದು, ಯಾವಾಗ ಬರುತ್ತದೆ ಎಂದು ಅವರು ಗುಜರಾತಿಯಲ್ಲಿ ಕೇಳಿದರೆ ನಮ್ಮ ಇಂಜಿನಿಯರ್ ಸಾಹೇಬರ ಬಾಯಲ್ಲಿ ಉತ್ತರವಿಲ್ಲ! "ಕೇಳಿಕೊಂಡು ಬನ್ನಿ ಬೆನ್" ಎಂದು ಕಳಿಸಿಬಿಟ್ಟರು.

ಮರುದಿನ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಹಾಲಿನ ಲೆಕ್ಕದ ಪುಸ್ತಕ ಹಿಡಿದು ಮಗನ ಪಕ್ಕ ಕೂತೆ. ಒಂದು ಸದ್ದು ಎಂದುಕೊಂಡದ್ದು ಮೂರಾಗಿತ್ತು. ಗುಂಡಿಗೆ ಇಳಿದಾಗ 'ಧಡ್'. ನಿಧಾನವಾಗಿ ಸ್ಟೀರಿಂಗ್ ಆಚೀಚೆ ಆಡಿಸಿದಾಗ 'ಲೊಟಕ್'. ಟಾರು ರಸ್ತೆಯಲ್ಲಿ ಪೂರ್ತಿ ತಿರುಗಿಸಿಕೊಳ್ಳುವಾಗ, ಯಾರೋ ಹಿಡಿದೆಳೆದು ಬಿಟ್ಟಂತೆ 'ಢಬ್'. ನಮ್ಮ ಕನ್ನಡದಲ್ಲಿ ಸದ್ದಿಗೊಂದು ಮಾತಿದೆ. ಆ ಮಾತುಗಳನ್ನೇ ಮಿಸ್ತ್ರಿಗೆ ಒಪ್ಪಿಸಿದೆ. ಗುಜರಾತಿ ಮನುಷ್ಯನಿಗೆ ಅನುವಾದವೇ ಬೇಕಾಗಲಿಲ್ಲ.

ಅವರು ಮೊದಲು ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು ಎಂದು ಮಗನಿಗೆ ಗದರಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಹೀಗೆ ಅಲುಗಿದರೆ ಬ್ರೇಕ್ ತುಳಿದು ಮತ್ತೆ ನೋಡಬೇಕಂತೆ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ನಮ್ಮದು ಎರಡೂ ಗಟ್ಟಿ. ಆದರೆ ಎಡಕ್ಕೂ ಬಲಕ್ಕೂ ಹಿಡಿದು ಅಲುಗಿಸಿದಾಗ ಬಂತು ನೋಡಿ, ಲೊಟಕ್! ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯ ಗುಂಡು ಸವೆದು, ತನ್ನ ಗೂಡಿನಲ್ಲಿ ಆಡುತ್ತಿತ್ತು. "ಇದು ಕಳಚಿದರೆ ಸ್ಟೀರಿಂಗ್ ಕೈಯಲ್ಲಿರುತ್ತದೆ, ಚಕ್ರ ನಿಮ್ಮ ಮಾತು ಕೇಳುವುದಿಲ್ಲ" ಎಂದರು. ಹೆದ್ದಾರಿಯನ್ನೂ ಘಾಟಿಯನ್ನೂ ನೆನೆದು ನನ್ನ ಎದೆ ಝಲ್ ಎಂದಿತು. ಮಗ ಮಾತಾಡಲಿಲ್ಲ.

'ಧಡ್' ಎಂಬುದು ಪಟ್ಟಾದ ತುದಿಯ ಶ್ಯಾಕಲ್ ರಬ್ಬರ್ ಬುಷ್‌ಗಳದು. ಅವು ಒಣಗಿ ಚೂರಾಗಿ, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಹೊಸ ಬುಷ್ ಹಾಕಿದ ಮೇಲೆ ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರದ ಮೇಲೆ ಬಂದ ನಂತರವೇ ನಟ್ಟು ಕೊನೆಯದಾಗಿ ಬಿಗಿದರು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದಂತೆ. ಟೈ ರಾಡಿನ ತುದಿ ಬದಲಿಸಿದ್ದರಿಂದ ಅಲೈನ್‌ಮೆಂಟನ್ನೂ ಮಾಡಿಸಿದೆವು.

ಇನ್ನು ಮೂರನೆಯ 'ಢಬ್'? ಅದಕ್ಕೆ ಯಾವ ಸಾಮಾನೂ ಬೇಕಾಗಲಿಲ್ಲ. ನಮ್ಮ ಹುಡುಗ ಗತ್ತಿಗಾಗಿ ಊರೊಳಗೂ ಫೋರ್-ವೀಲ್ ಗೇರಿನಲ್ಲೇ ಓಡಿಸುತ್ತಿದ್ದ! ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಜಿಪ್ಸಿಯಲ್ಲಿ ಆ ವ್ಯತ್ಯಾಸ ತಾಳಿಕೊಳ್ಳಲು ನಡುವೆ ಡಿಫರೆನ್ಶಿಯಲ್ ಇಲ್ಲ. ಕೆಸರು, ಮರಳಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಬಿಗಿತ ಕೂಡಿಕೊಂಡು ಒಮ್ಮೆಲೇ ಬಿಡುತ್ತದೆ. ಲಿವರ್ ಟೂ-ವೀಲಿಗೆ ಬಂತು, ಸದ್ದು ಹೋಯಿತು.

ಮಕ್ಕಳೇ, 'ಚಿಕ್ಕ ಹಾವಾದರೂ ದೊಡ್ಡ ಕೋಲಿನಿಂದ ಹೊಡಿ' ಎನ್ನುತ್ತಾರೆ ನಮ್ಮ ಕಡೆ. ಸದ್ದು ಸಣ್ಣದೆಂದು ಅದರ ಮೇಲೆ ಹಾಡು ಹಾಕಬೇಡಿ. ದುಡ್ಡು ಕೊಡುವ ಮೊದಲು ಕಿವಿ ಕೊಡಿ. ಯಾವಾಗ, ಎಲ್ಲಿ, ಏನು ಮಾಡಿದಾಗ ಎಂದು ಬರೆದುಕೊಳ್ಳಿ. ಅರ್ಧ ರಿಪೇರಿ ಅಲ್ಲೇ ಆಗಿರುತ್ತದೆ.

ಎರಡು ದಿನ ತಡವಾಗಿ ಹೊರಟರೂ ಸುಖವಾಗಿ ದಾವಣಗೆರೆ ಸೇರಿದೆವು. ಜಗಲಿಯಿಂದ ಇಳಿದು ಬಂದ ಅಜ್ಜಿ, "ಮೊಣಕಾಲು ಲೊಟಕ್ ಅನ್ನುತ್ತೆ ಕಣೋ, ವಯಸ್ಸಾಯಿತಲ್ಲ" ಎಂದರು. ಮಗ ಚೀಲ ಕೆಳಗಿಟ್ಟು ಅವರ ಪಕ್ಕ ಕೂತು ಕೇಳಿದ:

"ಯಾವಾಗ ಅಜ್ಜಿ? ಮೆಟ್ಟಿಲು ಹತ್ತುವಾಗಲೋ, ಇಳಿಯುವಾಗಲೋ?"