ಹಾಜರಿಪಟದ ಹೊರಗಿನ ಮಕ್ಕಳು

ಶಾಲೆಗೆ ಕಾಯಿಲೆ ಬಂದರೆ ಮೊದಲು ತಿಳಿಯುವುದು ಅದರ ಹಾಜರಿಪಟಕ್ಕೆ. ಒಂದನೆಯ ಇಯತ್ತೆಗೆ ಈ ವರ್ಷ ಐವರು, ಮುಂದಿನ ವರ್ಷ ಮೂವರು, ಅದರ ಮರುವರ್ಷ ಒಬ್ಬ. ಹೀಗೆ ಇಳಿಯುತ್ತ ಬಂದು ಒಂದು ದಿನ ಆ ಶಾಲೆಯ ಹೆಸರಿನಲ್ಲಿ ನಗರಪಾಲಿಕೆಯ ಶಿಕ್ಷಣ ವಿಭಾಗದಲ್ಲಿ ಒಂದು ಕಡತ ಹುಟ್ಟುತ್ತದೆ. ಹುಟ್ಟಿದ ಕಡತಕ್ಕೆ ಕೈಕಾಲು ಮೂಡಿ ಅದು ಮೇಜಿನಿಂದ ಮೇಜಿಗೆ ನಡೆಯತೊಡಗುತ್ತದೆ. ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಮ್ಮಂಥವರಿಗೆ ಇದೇನು ಹೊಸದಲ್ಲ. ಕಡತದಲ್ಲಿ ಬರೆದದ್ದು ಮೇಲಿನವರ ಕಣ್ಣಿಗೆ ಬೀಳುತ್ತದೆ. ಬರೆಯದೆ ಬಿಟ್ಟದ್ದು ಎದುರಿಗೆ ಬಂದು ನಿಂತರೂ ಕಾಣುವುದಿಲ್ಲ.

ಮುಂಬಯಿ ಸೀಮೆಯ ಕನ್ನಡ ಶಾಲೆಗಳ ಕಥೆ ಓದುಗರಿಗೆ ಗೊತ್ತಿದ್ದದ್ದೇ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಬ್ಯಾಂಕು, ರೈಲ್ವೆ, ವಕೀಲಿಕೆ ಎಂದು ಮುಂದೆ ಹೋದದ್ದು ಇಲ್ಲಿಯೇ. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದ್ದೂ ಈ ನಗರದಲ್ಲಿಯೇ. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಎಂದು ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಪರನಾಡಿನಲ್ಲಿ ಇಷ್ಟು ಅನುಕೂಲವಿದ್ದದ್ದು ಸಣ್ಣ ಮಾತಲ್ಲ.

ಆದರೂ ಮಕ್ಕಳು ಕಡಿಮೆಯಾದರು. 1982ರ ಮುಷ್ಕರದ ತರುವಾಯ ಬಟ್ಟೆಯ ಗಿರಣಿಗಳು ಒಂದೊಂದಾಗಿ ನಿಂತವು. ಸಂಸಾರಗಳು ಚಾಳು ಬಿಟ್ಟು ದೂರದ ಉಪನಗರಗಳಿಗೆ ಚದುರಿದವು. ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಎಂಟನೆಯದಕ್ಕೆ ಹತ್ತಿರದಲ್ಲಿ ಕನ್ನಡ ಹೈಸ್ಕೂಲು ಇರಲಿಲ್ಲ. ಹೇಗಿದ್ದರೂ ದಾರಿ ಬದಲಿಸಬೇಕಾದರೆ ಮೊದಲಿನಿಂದಲೇ ಇಂಗ್ಲಿಷ್ ಆಗಲಿ ಎಂದು ತಾಯಿತಂದೆಗಳು ಲೆಕ್ಕ ಹಾಕಿದರು. ಆ ಲೆಕ್ಕವನ್ನು ಹಳಿಯಲು ಈ ಬರಹವನ್ನು ಬರೆಯುತ್ತಿಲ್ಲ.

ಮುಂಬಯಿಯಾಚೆ ರೈಲಿನ ಹಾದಿಯಲ್ಲಿರುವ ನಮ್ಮ ಊರಿನಲ್ಲಿಯೂ ಪೌರಸಂಸ್ಥೆಯ ಒಂದು ಕನ್ನಡ ಶಾಲೆಯಿತ್ತು. ಮರಾಠಿ ಶಾಲೆಯ ಕಟ್ಟಡದ ಮೇಲಂತಸ್ತಿನಲ್ಲಿ ಮೂರು ಖೋಲಿ, ಒಂದರಿಂದ ಏಳರವರೆಗೆ ಇಯತ್ತೆ. 2018ರ ಜನವರಿಯಲ್ಲಿ ಅಲ್ಲಿದ್ದವರು 23 ಮಕ್ಕಳು, ಇಬ್ಬರು ಶಿಕ್ಷಕಿಯರು. ಅದರ ಹಿಂದಿನ ತಿಂಗಳಷ್ಟೇ ಮಹಾರಾಷ್ಟ್ರ ಸರಕಾರ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದ ಸುಮಾರು 1,300 ಶಾಲೆಗಳನ್ನು ಪಕ್ಕದ ಶಾಲೆಗಳಿಗೆ ಸೇರಿಸಲು ಹೊರಟಿತ್ತು. ಆ ಗಾಳಿ ನಮ್ಮೂರಿಗೂ ಬೀಸಿತು. ಕನ್ನಡ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಕೆಳಗಿನ ಮರಾಠಿ ಶಾಲೆಗೆ ಸೇರಿಸಬೇಕೆಂಬ ಠರಾವು ಮಾರ್ಚಿನ ಸಭೆಗೆ ಬರಲಿದೆಯೆಂದು ಸುದ್ದಿ ಬಂತು.

ನಮ್ಮ ಸಂಘದಲ್ಲಿ ಅಂದು ನಡೆದ ಚರ್ಚೆ ರಾತ್ರಿ ಹತ್ತರವರೆಗೂ ಮುಗಿಯಲಿಲ್ಲ. ಒಂದು ಪಕ್ಷದವರು, “ಇದು ಕನ್ನಡದ ಮಾನದ ಪ್ರಶ್ನೆ, ಮೆರವಣಿಗೆ ಹೋಗೋಣ” ಎಂದರು. ಸಂಘದ ಹಿರಿಯರೊಬ್ಬರು, ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು, ತಲೆಯಾಡಿಸಿದರು. “ಮೆರವಣಿಗೆ ಆಮೇಲೆ ಮಾಡಿರಪ್ಪ. ಇಬ್ಬರು ಏಳು ಇಯತ್ತೆ ನೋಡಿಕೊಂಡರೆ ಅದನ್ನು ಕಲಿಸುವುದು ಎನ್ನುವುದಿಲ್ಲ, ಕಾಯುವುದು ಎನ್ನುತ್ತಾರೆ. ಆ ಇಪ್ಪತ್ತಮೂರು ಮಕ್ಕಳ ವಿದ್ಯೆ ಹಾಳಾದರೆ ನಿಮ್ಮ ಮಾನ ಉಳಿಯುತ್ತದೆಯೇ?” ಎಂದು ಕೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ.

ಮರುದಿನ ನಾವು ನಾಲ್ವರು ಶಿಕ್ಷಣ ಸಮಿತಿಯ ಸಭಾಪತಿಗಳನ್ನು ಕಂಡೆವು. ನಾಲ್ವರೆಂದರೆ ಇಬ್ಬರು ಗುಮಾಸ್ತರು, ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ಹೋಟೆಲಿನ ಗಲ್ಲೆಯ ಮೇಲೆ ಕೂರುವವರು. ಸಭಾಪತಿಗಳು ಚಹ ತರಿಸಿದರು. ನಮ್ಮ ಮಾತನ್ನೆಲ್ಲ ಕೇಳಿದರು. ಕೊನೆಗೆ, “ನಿಮ್ಮ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ?” ಎಂದರು. ಇಂಗ್ಲಿಷ್ ಶಾಲೆಗೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆವು. “ಹಾಗಾದರೆ ಯಾರಿಗಾಗಿ ಶಾಲೆ ಕೇಳುತ್ತೀರಿ? ಆ ಮಕ್ಕಳನ್ನು ತೋರಿಸಿ, ಸಭೆಯಲ್ಲಿ ನಾನೇ ಮಾತಾಡುತ್ತೇನೆ” ಎಂದರು. ಮಾತು ನ್ಯಾಯವಾಗಿತ್ತು. ಸಭೆಗೆ ಇನ್ನು ಆರು ವಾರ ಉಳಿದಿತ್ತು.

ಆ ಮಕ್ಕಳು ಎಲ್ಲಿರಬಹುದೆಂದು ನಮಗೆ ಅಂದಾಜಿತ್ತು. ನಮ್ಮೂರಿನಲ್ಲಿ ವರ್ಷಪೂರ್ತಿ ಕಟ್ಟಡದ ಕೆಲಸ. ಬೆಳಿಗ್ಗೆ ನಾಕಾದ ಮೇಲೆ ಬುತ್ತಿ ಕಟ್ಟಿಕೊಂಡು ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯವರು ಬಹಳ. ಭಾನುವಾರಗಳಂದು ನಾವು ಒಂದು ನೋಟುಪುಸ್ತಕ ಹಿಡಿದು ಕಟ್ಟಡಗಳ ಹಿಂದಿನ ತಗಡಿನ ಶೆಡ್ಡುಗಳನ್ನೂ ನಾಲೆಯ ದಂಡೆಯ ಗುಡಿಸಲುಗಳನ್ನೂ ಸುತ್ತಿದೆವು. ಮೊದಲು ಮುಕಾದಮರು ನಮ್ಮನ್ನು ಅನುಮಾನದಿಂದ ನೋಡಿದರು; ಕನ್ನಡ ಕೇಳಿದ ಮೇಲೆ ಒರಳಿನ ಮೇಲೋ ಇಟ್ಟಿಗೆಯ ಮೇಲೋ ಕೂರಿಸಿ ನೀರು ಕೊಟ್ಟರು.

ವಿಜಯಪುರ ಕಡೆಯ ಒಬ್ಬ ತಾಯಿ ಹೇಳಿದ ಮಾತು ನಮ್ಮ ನೋಟುಪುಸ್ತಕದಲ್ಲಿ ಹಾಗೆಯೇ ಇದೆ: “ನಮ್ಮ ಹುಡುಗಿ ಊರಾಗ ಎರಡನೆತ್ತೆ ತನಕ ಸಾಲಿ ಕಲ್ತಾಳ್ರಿ ಅಣ್ಣಾರ. ಇಲ್ಲಿ ಕನ್ನಡ ಸಾಲಿ ಐತಿ ಅಂತ ನಮಗ ಯಾರ್ ಹೇಳ್ಬೇಕ್ರಿ? ಈಗ ಸಣ್ಣ ಕೂಸಿನ್ನ ಹಿಡ್ಕೊಂಡು ಮನ್ಯಾಗ ಕುಂದರತಾಳ.” ಹುಡುಗಿಗೆ ಒಂಬತ್ತು ವರ್ಷ. ಶೆಡ್ಡಿನ ತಗಡಿಗೆ ಊರಿನಿಂದ ತಂದ ಹಳೆಯ ಪಂಚಾಂಗದ ಹಾಳೆಯೊಂದನ್ನು ಅಂಟಿಸಿದ್ದರು. ಓದು ನೋಡೋಣ ಎಂದಾಗ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಒತ್ತಕ್ಷರ ಬಂದಲ್ಲಿ ನಿಂತಳು. ಎರಡನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟಾಗ ಪಾಠ ನಿಂತದ್ದೂ ಅಲ್ಲಿಯೇ ಇರಬೇಕು. ಶಾಲೆಯಿಂದ ಆ ಶೆಡ್ಡಿಗೆ ಹತ್ತು ನಿಮಿಷದ ದಾರಿ.

ಆರು ಭಾನುವಾರ ಮುಗಿಯುವುದರೊಳಗೆ ಪಟ್ಟಿಯಲ್ಲಿ 41 ಮಕ್ಕಳ ಹೆಸರಾಯಿತು, ಎಲ್ಲರೂ ಆರರಿಂದ ಹದಿನಾಲ್ಕರ ಒಳಗಿನವರು. ಅವರಲ್ಲಿ 12 ಮಕ್ಕಳು ಮರಾಠಿ, ಹಿಂದಿ ಶಾಲೆಗಳಿಗೆ ಹೋಗುತ್ತಿದ್ದರು. ಉಳಿದ 29 ಮಕ್ಕಳು ಯಾವ ಶಾಲೆಯ ಹಾಜರಿಪಟದಲ್ಲಿಯೂ ಇರಲಿಲ್ಲ.

ಇನ್ನು ಕಾಯದೆಯ ಮಾತು. ಗುಮಾಸ್ತರಿಗೆ ಕಾಯದೆಯ ಪುಸ್ತಕ ತೆರೆಯುವುದೆಂದರೆ ಅಡುಗೆಯವರಿಗೆ ಮಸಾಲೆಯ ಡಬ್ಬಿ ತೆರೆದಂತೆ. ಕೈ ತಾನಾಗಿ ಹೋಗುತ್ತದೆ. ಬೇರೆ ಊರುಗಳ ಓದುಗರಿಗೂ ಉಪಯೋಗವಾದೀತೆಂದು ನಮಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತೇವೆ. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ಯತ್ನಿಸಬೇಕೆಂದು ರಾಜ್ಯಕ್ಕೆ ಮಾತ್ರವಲ್ಲದೆ ಸ್ಥಳೀಯ ಸಂಸ್ಥೆಗಳಿಗೂ ಹೇಳುತ್ತದೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಅಳತೆಯನ್ನೂ ಒಪ್ಪಿಕೊಂಡಿತ್ತು: ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ 2009ರ ಶಿಕ್ಷಣ ಹಕ್ಕು ಕಾಯದೆಯ 9ನೆಯ ಕಲಮು ಇನ್ನೂ ಮುಂದೆ ಹೋಗಿದೆ. ತನ್ನ ಎಲ್ಲೆಯೊಳಗಿರುವ ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು, ಎರಡೂ ಸ್ಥಳೀಯ ಸಂಸ್ಥೆಯ ಕರ್ತವ್ಯ. ಶಾಲೆಯನ್ನೇ ಕಾಣದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಬೇಕಾದ ವಿಶೇಷ ತರಬೇತಿ ಕೊಡಬೇಕೆಂದು 4ನೆಯ ಕಲಮು ಹೇಳುತ್ತದೆ. ವಯಸ್ಸಿನ ಕಾಗದ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಲು 14ನೆಯ ಕಲಮು ಬಿಡುವುದಿಲ್ಲ.

ಇಷ್ಟನ್ನೂ ಒಂದೇ ಪುಟದ ಅರ್ಜಿಗೆ ಇಳಿಸಿದೆವು, ಅದೂ ಶುದ್ಧ ಮರಾಠಿಯಲ್ಲಿ. ಕೆಲವು ಮಿತ್ರರಿಗೆ ಇದು ಸರಿಬರಲಿಲ್ಲ. ನಮ್ಮ ಅಭಿಪ್ರಾಯ ಬೇರೆ: ಅರ್ಜಿ ಓದುವವರ ಭಾಷೆಯಲ್ಲಿದ್ದರೆ ತಾನೇ ಅವರು ಓದುವುದು! ಹಿಂದೆ 41 ಹೆಸರುಗಳ ಪಟ್ಟಿ, ವಯಸ್ಸು, ವಸತಿ, ಊರಿನಲ್ಲಿ ಎಷ್ಟನೆಯ ಇಯತ್ತೆ ಓದಿದ್ದರೆಂಬ ವಿವರ ಲಗತ್ತಿಸಿ, ಆವಕದ ಮುದ್ರೆ ಹಾಕಿಸಿ, ನಕಲು ಇಟ್ಟುಕೊಂಡೆವು. ಇಲ್ಲಿಗೆ ಆ ಮಕ್ಕಳು ಕಡತದೊಳಗೆ ಬಂದರು.

ಸಭೆಯ ದಿನ ನಾವು ಪ್ರೇಕ್ಷಕರ ಬೆಂಚಿನಲ್ಲಿ ಕುಳಿತಿದ್ದೆವು. ನೀರಿನ ಕೊಳವೆ, ರಸ್ತೆಯ ಹೊಂಡ, ಕಸದ ಗಾಡಿ ಮುಗಿದು ನಮ್ಮ ವಿಷಯ ಬರುವಾಗ ಸಂಜೆ ಐದಾಗಿತ್ತು. ಸದಸ್ಯರೊಬ್ಬರು, ಮಹಾರಾಷ್ಟ್ರಕ್ಕೆ ಬಂದವರು ಮರಾಠಿ ಕಲಿಯಲಿ ಎಂದರು. ಕನ್ನಡ ಶಾಲೆಯಲ್ಲಿಯೂ ಮರಾಠಿ ಕಲಿಸುತ್ತಾರೆಂದು ಶಿಕ್ಷಣಾಧಿಕಾರಿಗಳು ಉತ್ತರ ಕೊಟ್ಟರು. ಇನ್ನೊಬ್ಬರು ಖರ್ಚಿನ ಲೆಕ್ಕ ಕೇಳಿದರು. ಅದು ಕೇಳತಕ್ಕ ಪ್ರಶ್ನೆಯೇ. ಆಗ ಒಬ್ಬ ಮರಾಠಿ ನಗರಸೇವಕಿ ಎದ್ದು ನಿಂತರು. ಹಿಂದೆ ಅಂಗನವಾಡಿಯಲ್ಲಿ ಕೆಲಸ ಮಾಡಿದವರು. ಪಟ್ಟಿಯನ್ನು ಕೈಯಲ್ಲಿ ಹಿಡಿದು, “ಈ ಮಕ್ಕಳ ತಾಯಿತಂದೆಗಳು ಇಲ್ಲಿ ಎರಡು ವರ್ಷ ಇದ್ದಾರು, ಮತ್ತೆ ಊರಿಗೆ ಹೋದಾರು. ಹೋದ ಮೇಲೆ ಮಗು ಯಾವ ಶಾಲೆಯಲ್ಲಿ ಕೂರಬೇಕು? ಅಲ್ಲಿ ಕನ್ನಡ, ಇಲ್ಲಿ ಮರಾಠಿ ಎಂದರೆ ಅದು ಎರಡೂ ಕಡೆ ಹಿಂದಿನ ಬೆಂಚಿಗೆ ಬೀಳುತ್ತದೆ” ಎಂದರು. ನಾವು ಒಂದು ಪುಟದಲ್ಲಿ ಹೇಳಲಾರದೆ ಹೋದದ್ದನ್ನು ಆಕೆ ಎರಡು ಮಾತಿನಲ್ಲಿ ಹೇಳಿ ಕುಳಿತರು.

ಠರಾವು ತಿದ್ದುಪಡಿಯಾಯಿತು. ಶಾಲೆಗೆ ಒಂದು ವರ್ಷದ ವಾಯಿದೆ ಸಿಕ್ಕಿತು. ಸೆಪ್ಟೆಂಬರ್ 30ರ ಪಟಸಂಖ್ಯೆ 40 ಮುಟ್ಟಿದರೆ ಮುಂದುವರಿಸುವುದು, ಇಲ್ಲವಾದರೆ ಮುಚ್ಚುವುದು.

ಜೂನಿನಲ್ಲಿ 24 ಹೊಸ ಮಕ್ಕಳು ಸೇರಿದರು. ಸೇರಿಸಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಬೆಳಿಗ್ಗೆ ಏಳಕ್ಕೆ ತಾಯಿ ಕೆಲಸಕ್ಕೆ ಹೋದ ಮೇಲೆ ಶಾಲೆಗೆ ಕರೆತರುವವರು ಯಾರು? ಕೂಸನ್ನು ನೋಡಿಕೊಳ್ಳುವವರು ಯಾರು? ಸಂಘದ ಮಹಿಳಾ ವಿಭಾಗದವರು ಸರದಿ ಹಾಕಿಕೊಂಡು ಆ ಭಾರವನ್ನು ಹೊತ್ತರು. ಸೆಪ್ಟೆಂಬರ್ 30ರಂದು ಪಟದಲ್ಲಿ 42 ಮಕ್ಕಳಿದ್ದರು. ದೀಪಾವಳಿಗೆ ಒಂದು ಕಟ್ಟಡ ಮುಗಿದು ಒಂಬತ್ತು ಮಕ್ಕಳು ಒಮ್ಮೆಲೆ ಹೋದರು; ಇನ್ನೊಂದು ಕಟ್ಟಡ ಎದ್ದು ಆರು ಮಕ್ಕಳು ಬಂದರು. ಇಂಥ ಶಾಲೆಯ ಹಾಜರಿಪಟ ಯಾವತ್ತೂ ಕಾಯಿಲೆಯವರ ನಾಡಿಯಂತೆಯೇ ಕಾಣುತ್ತದೆ. ಮಕ್ಕಳು ಹೋಗುತ್ತಾರೆಂದು ಅದನ್ನು ಸೋತ ಶಾಲೆ ಎನ್ನುವುದು, ಇಳಿಯುವವರಿದ್ದಾರೆಂದು ರೈಲು ನಿಲ್ದಾಣವನ್ನು ಸೋತದ್ದು ಎಂದಂತೆ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಎಲ್ಲವೂ ನಿಂತಿತು. ಕೂಲಿಕಾರರು ಸಿಕ್ಕ ವಾಹನ ಹತ್ತಿ, ಸಿಗದವರು ನಡೆದು, ಊರು ಸೇರಿದರು. ಪಂಚಾಂಗ ಓದಿದ ಹುಡುಗಿಯ ಸಂಸಾರವೂ ಹೋಯಿತು. ಆಗ ಅವಳು ಐದನೆಯ ಇಯತ್ತೆ. ಶಾಲೆಯ ಅಕ್ಕೋರು ಆಮೇಲೆ ಅಂಚೆಯಲ್ಲಿ ದಾಖಲೆ ಕಳುಹಿಸಿಕೊಟ್ಟರು. ಅದನ್ನು ತೋರಿಸಿ ಅವಳು ತನ್ನೂರ ಶಾಲೆಯಲ್ಲಿ ಆರನೆಯದಕ್ಕೆ ಕೂತಳೆಂದು ಮುಕಾದಮನಿಂದ ತಿಳಿಯಿತು. ಎರಡು ವರ್ಷ ಶಾಲೆ ಉಳಿದದ್ದಕ್ಕೆ ಏನು ಫಲ ಎಂದು ಕೇಳಿದವರಿಗೆ ನಾವು ಕೊಡುವ ಲೆಕ್ಕ ಇದು.

2022ರಲ್ಲಿ ಕಡತ ಮತ್ತೆ ಎದ್ದಿತು. ಅಷ್ಟು ಹೊತ್ತಿಗೆ ಚುನಾಯಿತ ಸಭೆಯ ಅವಧಿ ಮುಗಿದು ಊರು ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಮಕ್ಕಳು 15ಕ್ಕೆ ಇಳಿದಿದ್ದರು. ಈ ಸಲ ಶಾಲೆಯ ಹಲಗೆ ಉಳಿಯಲಿಲ್ಲ. ಕನ್ನಡದ ತರಗತಿಗಳು ಮಾತ್ರ ಕೆಳಗಿನ ಮರಾಠಿ ಶಾಲೆಯ ಮುಖ್ಯಾಧ್ಯಾಪಕರ ಅಧೀನದಲ್ಲಿ ಅದೇ ಖೋಲಿಗಳಲ್ಲಿ ಮುಂದುವರಿದವು. ನಮ್ಮಲ್ಲಿ ಕೆಲವರಿಗೆ ಇದು ಸೋಲೆನಿಸಿತು. ಹಿರಿಯ ಮಾಸ್ತರರು ಮಾತ್ರ, “ಹಲಗೆ ಹೋದರೆ ಹೋಗಲಿ, ಪಾಠ ನಡೆದಿದೆಯಲ್ಲ” ಎಂದರು. ನಾವೂ ಆ ಮಾತಿಗೆ ಒಪ್ಪಿದ್ದೇವೆ. ಸಣ್ಣ ಶಾಲೆ ದೊಡ್ಡದರೊಳಗೆ ಸೇರುವುದರಲ್ಲಿ ದೋಷವಿಲ್ಲ, ಮಗುವಿಗೆ ತಿಳಿಯುವ ಮಾತಿನಲ್ಲಿ ಕಲಿಸುವ ಶಿಕ್ಷಕರೊಬ್ಬರು ಅದರ ಜೊತೆಯಲ್ಲಿ ಹೋಗುವುದಾದರೆ. ಈಗ ಆ ಖೋಲಿಗಳಲ್ಲಿ 34 ಮಕ್ಕಳಿದ್ದಾರೆ.

ಪುಣೆ, ಸೊಲ್ಲಾಪುರ, ಹೈದರಾಬಾದು, ಚೆನ್ನೈಗಳಲ್ಲಿರುವ ಬಂಧುಗಳಿಗೆ ಒಂದು ವಿಜ್ಞಾಪನೆ. ನಿಮ್ಮೂರ ಶಾಲೆಯ ಮೇಲೆ ಇಂಥ ಕಡತ ಎದ್ದರೆ ಘೋಷಣೆ ಬರೆಯುವ ಮೊದಲು ಮೂರು ವಿಷಯ ಕೇಳಿ ತಿಳಿಯಿರಿ: ಸಭೆ ಎಂದು, ಮಕ್ಕಳನ್ನು ಎಣಿಸಿದ್ದು ಯಾವ ದಿನ, ಎಣಿಕೆಯ ಹೊರಗೆ ಉಳಿದವರು ಎಲ್ಲಿದ್ದಾರೆ. ಮೂರನೆಯದರ ಉತ್ತರ ಕಚೇರಿಯಲ್ಲಿ ಸಿಗುವುದಿಲ್ಲ; ಅದಕ್ಕೆ ಕಾಲಿನಲ್ಲಿ ನಡೆಯಬೇಕು.

ನಮ್ಮೂರಿನಲ್ಲಿ ಈ ವರ್ಷದ ಎಣಿಕೆ ಮೇ ತಿಂಗಳ ನಾಲ್ಕು ಭಾನುವಾರ ನಡೆಯುತ್ತದೆ. ಬೆಳಿಗ್ಗೆ ಎಂಟಕ್ಕೆ ಸಂಘದ ಕಚೇರಿಯ ಮುಂದೆ ಸೇರುವುದು. ಬಿಸಿಲಿಗೆ ಟೋಪಿ ಅಥವಾ ಕೊಡೆ, ಕುಡಿಯಲು ನೀರು, ಒಂದು ಪೆನ್ನು ತಂದರೆ ಸಾಕು. ನೋಟುಪುಸ್ತಕ ನಮ್ಮಲ್ಲಿದೆ.