ಮಾವನ ಅಂಗಡಿಯ ‘ಓಕೆ’ ಬಟನ್ (ಭಾಗ 4)

ಹೋದ ಭಾಗದಲ್ಲಿ ಹೇಳಿದ್ನಲ್ಲ, ಮಾವನ ಕಿರಾಣಿ ಅಂಗಡಿಗೆ ನಾನೇ ಒಂದು ವೆಬ್ ಪೇಜ್ ಮಾಡಿಕೊಟ್ಟೆ ಅಂತ? ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎಲ್ಲಾ ಯೂಟ್ಯೂಬ್ ನೋಡಿ ಕಲಿತದ್ದು. ಸಾಲದ ಪುಸ್ತಕ ಇನ್ಮೇಲೆ ಫೋನಲ್ಲೇ ಅಂತ ನೆಂಟರಿಗೆಲ್ಲಾ ಹೇಳ್ಕೊಂಡು ತಿರುಗಿದ್ದೆ. ಅದು ನನ್ನ ಮರ್ಯಾದೆ ಹೇಗೆ ತೆಗೀತು ಅಂತ ಈಗ ಓದಿ.

ಪ್ರತಿ ಗಿರಾಕಿ ಹೆಸರಿನ ಮುಂದೆ ‘ಬಾಕಿ ಚುಕ್ತಾ’ ಅನ್ನೋ ಬಟನ್ ಇಟ್ಟಿದ್ದೆ. ಒತ್ತಿದ್ರೆ ‘ಖಚಿತವೇ?’ ಅಂತ ಪುಟ್ಟ ಡಬ್ಬಿ ಬರುತ್ತೆ. ಜಾವಾಸ್ಕ್ರಿಪ್ಟ್‌ನಲ್ಲಿ ಇದು ಒಂದು ಸಾಲಿನ ಕೆಲಸ: ಓಕೆ ಒತ್ತಿದ್ರೆ ಟ್ರೂ, ಕ್ಯಾನ್ಸಲ್ ಒತ್ತಿದ್ರೆ ಫಾಲ್ಸ್. ಟ್ರೂ ಬಂದ್ರೆ ಡೇಟಾಬೇಸ್‌ನಲ್ಲಿ ಬಾಕಿ ಸೊನ್ನೆ. ಸೇಫ್ ಅಂದ್ಕೊಂಡಿದ್ದೆ.

ಆ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಿಯರಿದ್ದಾರೆ. ಒಬ್ರು ಪೆನ್ಷನ್ ಬಂದ ದಿನ 1,340 ರೂಪಾಯಿ ಪೂರ್ತಿ ಕೊಟ್ಟು ಹೋದ್ರು. ಸಂಜೆ ರಶ್‌ನಲ್ಲಿ ಮಾವ ಇನ್ನೊಬ್ರ ಹೆಸರಿನ ಮುಂದೆ ಒತ್ತಿದ್ರು. ಡಬ್ಬಿ ಬಂತು, ಓಕೆ ಅಂದ್ರು. ತಿಂಗಳ ಕೊನೆಗೆ ಲಿಸ್ಟ್ ಹಿಡ್ಕೊಂಡು, ದುಡ್ಡು ಕೊಟ್ಟಿದ್ದ ಅಜ್ಜಿಯನ್ನೇ ನಾಲ್ಕು ಜನರ ಮುಂದೆ ‘ಬಾಕಿ ಇದೆ ಅಜ್ಜಿ’ ಅಂತ ಕೇಳಿದ್ದು ನಾನು. ಅವರು ಜಗಳ ಆಡ್ಲಿಲ್ಲ. ಸೆರಗಿನ ಗಂಟು ಬಿಚ್ಚುತ್ತಾ ‘ಎಷ್ಟವ್ವಾ?’ ಅಂದ್ರು. ಅಷ್ಟರಲ್ಲಿ ಮಾವ ಒಳಗಿಂದ ಬಂದು ‘ಅವರು ಕೊಟ್ಟಾಗಿದೆ, ನಂಗೆ ನೆನಪಿದೆ’ ಅಂದ್ರು. ನಾನು ಎಲ್ಲಿ ಮುಖ ಇಟ್ಕೊಳ್ಳಲಿ?

ಇನ್ನೊಬ್ಬ ಅಜ್ಜಿಯ ಬಾಕಿ ಎಷ್ಟಿತ್ತು? ಗೊತ್ತಿಲ್ಲ. ಅಪ್‌ಡೇಟ್ ಕಮಾಂಡ್ ಹಳೆ ಅಂಕಿ ಅಳಿಸಿ ಸೊನ್ನೆ ಬರೆದಿತ್ತು, ಬ್ಯಾಕಪ್ ಇರಲಿಲ್ಲ. ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರ್ಕೊಂಡ್ವಿ.

ಮೊದಲು ಮಾವನ ಮೇಲೆ ಸಿಟ್ಟು ಬಂತು, ‘ಕೇಳಿತ್ತಲ್ವಾ, ಓದ್ಬೇಕಿತ್ತು’ ಅಂತ. ಆದ್ರೆ ಏನು ಓದೋದು? ಡಬ್ಬಿ ‘ಖಚಿತವೇ?’ ಅಂತ ಕೇಳ್ತು, ಯಾವುದು ಅಂತ ಹೇಳಲಿಲ್ಲ. ಟ್ಯಾಲಿ ಲ್ಯಾಬಲ್ಲಿ ವೋಚರ್ ಕೊನೆಗೆ ‘ಆಕ್ಸೆಪ್ಟ್?’ ಅಂತ ಬಂದಾಗ ನಾವು ಯಾರಾದ್ರೂ ಓದ್ತೀವಾ? ಎಂಟರ್, ಎಂಟರ್, ಎಂಟರ್. ಅದೇ ಯುಪಿಐನಲ್ಲಿ ನೋಡಿ, ಪಿನ್ ಹಾಕೋ ಮೊದಲು ದುಡ್ಡು ಯಾರಿಗೆ ಹೋಗ್ತಿದೆ ಅಂತ ಹೆಸರೇ ಕಾಣುತ್ತೆ.

ಹಾಗಾಗಿ ಡಬ್ಬಿ ತೆಗೆದು ಪೂರ್ತಿ ಸ್ಕ್ರೀನ್ ಮಾಡಿದೆ. ಹೆಸರು, ಮನೆ ಗುರುತು (‘ಬೇವಿನ ಮರದ ಹತ್ರ’), ಹಳೆ ಬಾಕಿ, ಕೊಟ್ಟದ್ದು, ಉಳಿದದ್ದು. ಬಟನ್ ಮೇಲೆ ಓಕೆ ಅಂತಿಲ್ಲ, ‘1,340 ಜಮಾ ಮಾಡು’ ಅಂತಿದೆ. ಬರೀ ಲಿಂಕ್ ತೆರೆದ್ರೆ ಏನೂ ಬದಲಾಗಲ್ಲ, ಫಾರ್ಮ್ ಪೋಸ್ಟ್ ಆದ್ರೆ ಮಾತ್ರ. ಬಂದದ್ದನ್ನ ಸರ್ವರ್ ಇನ್ನೊಮ್ಮೆ ಪರೀಕ್ಷೆ ಮಾಡುತ್ತೆ, ಯಾಕಂದ್ರೆ ಬ್ರೌಸರ್‌ನಲ್ಲಿ ಕೇಳಿದ ಪ್ರಶ್ನೆಯನ್ನ ಯಾರು ಬೇಕಾದ್ರೂ ತಪ್ಪಿಸಬಹುದು.

ತಲೆ ತಿಂದದ್ದು ಇನ್ನೊಂದು. ಮಾವನ ಫೋನಲ್ಲಿ ಆ ಸ್ಕ್ರೀನ್ ತೆರೆದಿರುವಾಗಲೇ ಅತ್ತೆ ತಮ್ಮ ಫೋನಲ್ಲಿ ಅದೇ ಗಿರಾಕಿಗೆ 80 ರೂಪಾಯಿ ಸಾಲ ಬರೆದ್ರೆ? ಮಾವ ಒಪ್ಪಿದ್ದು ಹಳೆ ಲೆಕ್ಕಕ್ಕೆ. ಅದಕ್ಕೆ ಪ್ರತಿ ಖಾತೆಗೂ ಒಂದು ವರ್ಷನ್ ನಂಬರ್ ಕೊಟ್ಟೆ, ಬದಲಾವಣೆ ಆದಾಗೆಲ್ಲಾ ಒಂದು ಹೆಚ್ಚುತ್ತೆ. ಅಪ್‌ಡೇಟ್ ಮಾಡುವಾಗ ‘ವೇರ್’ನಲ್ಲಿ ಖಾತೆ ನಂಬರ್ ಜೊತೆ ಸ್ಕ್ರೀನ್ ತೆರೆದಾಗ ಇದ್ದ ವರ್ಷನ್ ಕೂಡ ಹೋಗುತ್ತೆ. ಸೊನ್ನೆ ಸಾಲು ಬದಲಾದ್ರೆ ‘ಲೆಕ್ಕ ಬದಲಾಗಿದೆ, ಮತ್ತೆ ನೋಡಿ’ ಅಂತ ಬರುತ್ತೆ.

ಹಳೆ ಎಂಟ್ರಿ ಅಳಿಸೋದನ್ನೂ ನಿಲ್ಲಿಸಿದೆ. ತಪ್ಪಾದ್ರೆ ರಿವರ್ಸ್ ಎಂಟ್ರಿ. ರೆಕ್ಟಿಫಿಕೇಶನ್ ಆಫ್ ಎರರ್ಸ್ ಬಾಯಿಪಾಠ ಮಾಡಿದವಳಿಗೆ ಇದು ಮೊದಲೇ ಹೊಳೀಬೇಕಿತ್ತು! ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ಗೆ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕಡ್ಡಾಯ, ಅಂದ್ರೆ ಯಾವ ಎಂಟ್ರಿ ಯಾವಾಗ ತಿದ್ದಿದ್ರು ಅನ್ನೋದು ಉಳೀಲೇಬೇಕು. ಕಿರಾಣಿ ಅಂಗಡಿಗೆ ಆ ರೂಲ್ ಇಲ್ಲ, ಆದ್ರೂ ಹಾಕಿದೀನಿ.

ಹೊಸ ಸ್ಕ್ರೀನನ್ನ ಮಾವ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದ್ರು. ಆಮೇಲೆ ‘ಅಕ್ಷರ ಸ್ವಲ್ಪ ದೊಡ್ಡದು ಮಾಡಕ್ಕಾಗಲ್ವೇನೇ?’ ಅಂದ್ರು. ಮಾಡ್ತಾ ಇದೀನಿ.